ಎಡಕ್ಕೆ ಇಳಿದ ಬಾಬ್ ಕಟ್

ಡೊಂಕು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದನ್ನು ರೋಗ ಅನ್ನುವವರಿದ್ದಾರೆ. ಅವರ ಮನೆ ಗೋಡೆಯ ಮೇಲೆ ಕ್ಯಾಲೆಂಡರು ಹೇಗೆ ವಾಲಿರುತ್ತದೆ ಎಂದು ನೋಡಿದರೆ ಯಾರಿಗೆ ರೋಗ ಎಂದು ತಿಳಿಯುತ್ತದೆ. ಸಿಂದಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಸೀಟಿ ಊದಿ ಡ್ರಿಲ್ ಕಲಿಸಿದವಳು ನಾನು. ಸಾಲು ನೆಟ್ಟಗಾಗುವವರೆಗೆ ಪ್ರಾರ್ಥನೆ ಶುರುವಾಗಲು ಬಿಟ್ಟವಳಲ್ಲ. ನಿವೃತ್ತಿಯಾದ ಮೇಲೆ ಬೇರೆ ಸಾಲು ಸಿಗದೆ ಮನೆಯ ಚಪ್ಪಲಿಗಳನ್ನು, ಉಪ್ಪಿನಕಾಯಿ ಭರಣಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದೇನೆ. ಅವಾದರೂ ನಿಲ್ಲಿಸಿದಲ್ಲಿ ನಿಲ್ಲುತ್ತವೆ. ಜನ ಕೆಟ್ಟಿದ್ದಾರೆ. ಬಾಯಿಬಿಟ್ಟು ಮಾತಾಡಲೂ ಈಗ ಯಾರಿಗೂ ಬರುವುದಿಲ್ಲ. ಬಸ್ಸಿನ ಕಂಡಕ್ಟರು ಗೊಣಗುತ್ತಾನೆ, ಫೋನಿನಲ್ಲಿ ಮಗಳು ಗೊಣಗುತ್ತಾಳೆ, ಊಟಕ್ಕೆ ಕೂತ ನಮ್ಮ ಮನೆಯವರೂ ಗೊಣಗುತ್ತಾರೆ.

ನೌಕರಿಗೆ ಸೇರಿದ ಮೊದಲ ವಾರದಲ್ಲೇ ಸೀಟಿಯ ದಾರ ನನ್ನ ಜಡೆಗೆ ಸಿಕ್ಕಿಕೊಂಡು ಇಡೀ ಮೈದಾನ ನಕ್ಕಿತ್ತು. ಅಂದೇ ಸಂಜೆ ಜಡೆ ತೆಗೆಸಿ ಗಲ್ಲದ ಮಟ್ಟಕ್ಕೆ ಬಾಬ್ ಕಟ್ ಮಾಡಿಸಿದೆ. ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, ಎಣ್ಣೆ ಉಳಿಯುತ್ತದೆ ಎಂದು ಸಮಾಧಾನವಾದರು. ಅಂದಿನಿಂದ ಕೂದಲು ಬಿಳಿಯಾಗಿದೆಯೇ ಹೊರತು ಅದರ ಅಳತೆ ಬದಲಾಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ ಶಾಹೀನ್ ಕಳೆದ ವರ್ಷ ಬಸ್ ಸ್ಟ್ಯಾಂಡಿನ ಹಿಂದೆ ಬ್ಯೂಟಿ ಪಾರ್ಲರ್ ತೆರೆದಳು. ಪ್ರತಿ ತಿಂಗಳ ಮೊದಲ ಸೋಮವಾರ, ಬೆಳಗಿನ ಹತ್ತಕ್ಕೆ ಸರಿಯಾಗಿ, ನಾನು ಅವಳ ಕುರ್ಚಿಯಲ್ಲಿರುತ್ತೇನೆ. ಅವಳ ಕತ್ತರಿಯಷ್ಟೇ ಜೋರಾಗಿ ಬಾಯಿಯೂ ಆಡುತ್ತದೆ. ಇದೇ ತಪ್ಪಿಗೆ ಶಾಲೆಯಲ್ಲಿ ಅವಳಿಗೆ ಎಷ್ಟೋ ಸಲ ಮೈದಾನ ಸುತ್ತಿಸಿದ್ದೆ. ಹೋಗಲಿ, ಮಾತಾಡಲಿ. ಆದರೆ ಈ ಬೇಸಿಗೆಯಲ್ಲಿ ನಾನು ಮನೆಗೆ ಬಂದು ಕನ್ನಡಿ ಮುಂದೆ ನಿಂತರೆ ಎಡಗಡೆಯ ಕೂದಲು ಬಲಗಡೆಗಿಂತ ಒಂದು ಬೆರಳು ಉದ್ದ. "ಎಡಕ್ಕ ಇಳಕಲ ಐತಲ್ಲ, ಮಳಿನೀರ ಹರದು ಹೋಗಾಕ ಛಲೋ ಆತು" ಎಂದರು ನಮ್ಮ ಮನೆಯವರು. ಮುಂದಿನ ತಿಂಗಳೂ ಅದೇ. ಮೂರನೆಯ ತಿಂಗಳೂ ಅದೇ.

ನಾನು ತಯಾರಾದೆ. ಕೂದಲನ್ನು ನಾಲ್ಕು ಪಾಲು ಮಾಡಬೇಕು, ಎಲ್ಲ ಕಡೆ ಒಂದೇ ಸಮ ಒದ್ದೆ ಮಾಡಬೇಕು, ಬೆರಳಿನಿಂದ ಎಳೆಯಬಾರದು, ಕೆಳಗಿನ ಪದರವನ್ನು ಮೊದಲು ಕತ್ತರಿಸಿ ಮೇಲಿನದನ್ನು ಅದರ ಅಳತೆಗೆ ತರಬೇಕು. ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸ್ಟೀಲಿನ ಸ್ಕೇಲು ಹಿಡಿದು ನಾಲ್ಕನೆಯ ತಿಂಗಳ ಮೊದಲ ಸೋಮವಾರ ಹೋದೆ. ಮೋರಟಗಿಯಿಂದ ಬಂದಿದ್ದ ತಾಯಿ, ಮಗಳು ಆಗಲೇ ಬೆಂಚಿನ ಮೇಲಿದ್ದರು. ಮಗಳ ಮದುವೆಯ ಅಲಂಕಾರವನ್ನು ಇಲ್ಲಿ ಒಪ್ಪಿಸಬೇಕೋ ಬೇಡವೋ ಎಂದು ನೋಡಲು ಬಂದವರು. ಹೊಸ ಅಂಗಡಿಗೆ ಮೊದಲ ಮದುಮಗಳು.

ನಾನು ಒಂದು ಅಂದರೆ ಶಾಹೀನ್ ಬಾಚಬೇಕು, ಎರಡು ಅಂದರೆ ಹಿಡಿಯಬೇಕು, ಮೂರು ಅಂದರೆ ಕತ್ತರಿಸಬೇಕು. ನಡುವೆ ಅವಳು "ನೀರ ತಣ್ಣಗ ಅದಾವೇನ್ರಿ ಟೀಚರ? ಮಗಳು ಯಾವಾಗ ಬರತಾರ್ರಿ?" ಎಂದು ಕೇಳುತ್ತಲೇ ಇದ್ದಳು, ನಾನು ಉತ್ತರ ಕೊಡುತ್ತಲೇ ಇದ್ದೆ. ಮುಗಿದ ಮೇಲೆ ಎದ್ದು ನಿಂತು ಸ್ಕೇಲು ಹಿಡಿದೆ. ಎಡಕ್ಕೆ ಒಂದು ಬೆರಳು ಉದ್ದ.

"ಇದನ್ನ ಎಲ್ಲಿ ಕಲತಿ?" ಎಂದು ಮೈದಾನದ ದನಿಯಲ್ಲೇ ಕೇಳಿದೆ. "ನಾಕ ತಿಂಗಳಾತು, ಒಂದ ಗೆರಿ ನೆಟ್ಟಗ ಬರಲಿಲ್ಲ ನಿನ್ನ ಕೈಲಿ. ನಾಳೆ ಮದುಮಗಳ ಬೈತಲಿನೂ ಹಿಂಗ ಸೊಟ್ಟ ತಗೀತಿಯೇನು?"

ಮದುಮಗಳು ಗಾಬರಿಯಿಂದ ತಾಯಿಯ ಕಡೆ ನೋಡಿದಳು. ಶಾಹೀನ್ ತಲೆ ತಗ್ಗಿಸಿ, "ನನ್ನ ತಪ್ಪ ಐತ್ರಿ ಟೀಚರ" ಎಂದಳು. ತಾಯಿ ಚೀಲ ಎತ್ತಿಕೊಂಡು ನಿಂತೇಬಿಟ್ಟಳು. ಆದರೆ ಬಾಗಿಲಿಗೆ ಹೋಗದೆ ನೇರ ನನ್ನೆದುರು ಬಂದಳು.

"ಬಾಯಾರ, ಆಕಿ ಕೈ ಸೊಟ್ಟ ಇಲ್ರಿ, ನಿಮ್ಮ ಕುತ್ತಿಗಿ ಸೊಟ್ಟ ಐತಿ. ಆಕಿ ಮಾತಾಡಿದಾಗೊಮ್ಮೆ ನೀವು ಬಲಗಿವಿ ಕೆಳಗ ಮಾಡಿ ವಾಲತೀರಿ. ವಾಲಿದ ತಲಿಗೆ ಸಮ ಕತ್ತರಸಿದ್ರ, ತಲಿ ನೆಟ್ಟಗಾದಾಗ ಎಡಕ್ಕ ಉದ್ದ ಉಳೀತೈತಿ. ಕುಂತಾಗಿಂದ ನೋಡಾಕತ್ತೇನಿ. ನಮ್ಮ ಅತ್ತಿನೂ ಹಿಂಗ ವಾಲತಿದ್ರು. ಅವರಿಗೆ ಎಡಗಿವಿ ಕೇಳತಿರಲಿಲ್ಲ."

ನಾನು ಶಾಹೀನಳ ಕಡೆ ತಿರುಗಿದೆ. "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ಆದ್ರ ನಿಮಗ ಕುತ್ತಿಗಿ ನೆಟ್ಟಗ ಮಾಡ್ರಿ ಅಂತ ನಾ ಹೆಂಗ ಹೇಳಲ್ರಿ?"

ಆ ಆಜ್ಞೆಯನ್ನು ಮೂವತ್ತು ವರ್ಷ ನಾನೇ ಕೊಟ್ಟಿದ್ದೆ. ಎದುರು ಮಾತಾಡಬಾರದು ಎಂದು ಅವಳಿಗೆ ಕಲಿಸಿದವಳೂ ನಾನೇ. ನನ್ನ ಹತ್ತಿರ ಕಲಿತದ್ದರಲ್ಲಿ ಅದೊಂದನ್ನೇ ಅವಳು ಇಷ್ಟು ಚೆನ್ನಾಗಿ ಉಳಿಸಿಕೊಳ್ಳಬೇಕಿತ್ತೇ? ಸಿಟ್ಟು ಇಳಿಯಲಿಲ್ಲ, ಇಳಿಸಲು ಜಾಗ ಮಾತ್ರ ಸಿಗದೆ ಹೋಯಿತು. ಕಿವಿಯ ವಿಷಯ ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಾಗಲು ನಾನು ಬಿಟ್ಟಿರಲಿಲ್ಲ.

ತಾಯಿ ಚೀಲವನ್ನು ಮತ್ತೆ ಬೆಂಚಿನ ಮೇಲಿಟ್ಟಳು. "ನನ್ನ ಮಗಳ ತಲಿ ಈಕಿನ ಮಾಡಲಿ. ಇಷ್ಟ ಬೈಸಿಕೊಂಡರೂ ನಿಮ್ಮ ಕುತ್ತಿಗಿ ಮಾತ ಎತ್ತಲಿಲ್ಲ."

ಶಾಹೀನ್ ಮೆಲ್ಲಗೆ ಕೇಳಿದಳು: "ಟೀಚರ, ಎಡಗಡೆದು ಸರಿ ಮಾಡತೇನ್ರಿ. ನೆಟ್ಟಗಿನ ತಲಿಗೆ ಕತ್ತರಸಲ್ಯೋ, ದಿನಾ ಇರೂ ತಲಿಗೆ ಕತ್ತರಸಲ್ಯೋ?"

"ನೆಟ್ಟಗಿನ ತಲಿಗೆ" ಎಂದೆ. "ಮತ್ತ ಮಾತಾಡಬ್ಯಾಡ."

ಅವಳು ತುಟಿ ಬಿಚ್ಚದೆ ಕತ್ತರಿಸಿದಳು. ಸ್ಕೇಲು ಇಟ್ಟು ನೋಡಿದೆ. ಎರಡೂ ಕಡೆ ಕೂದಲೆಳೆಯ ವ್ಯತ್ಯಾಸವಿಲ್ಲ. ಸೆಟೆದ ಕುತ್ತಿಗೆಯಲ್ಲೇ ಮನೆಗೆ ನಡೆದೆ. ಜಗಲಿಯ ಮೇಲಿದ್ದ ನಮ್ಮ ಮನೆಯವರು ನನ್ನನ್ನು ನೋಡಿ ಏನೋ ಗೊಣಗಿದರು. "ಏನಂದ್ರಿ?" ಎಂದು ಕೇಳಿದೆ.

"ಈ ಸಲ ಬಲಕ್ಕ ಇಳದೈತಲ್ಲ!"

ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಾಗಲೇ ನನ್ನ ಬಲಗಿವಿ ಅವರ ಕಡೆ ವಾಲಿ ನಿಂತಿತ್ತು.