ಏಳನೇ ಹೊಲಿಗೆ

ಎವರಿಸ್ತೊನ ಹೆಸರನ್ನು ಈ ಲೋಕದಿಂದ ಅಳಿಸಿಹಾಕಲು ಬೇಕಾದದ್ದು ಕ್ಷೌರದ ಅರ್ಧ ಬ್ಲೇಡು ಮತ್ತು ಒಂದು ನಿಮಿಷ, ಅಷ್ಟೇ.

ಕರಾವಳಿ ಊರು ಕಾರ್ತಹೇನಾದ ಮೀನುಪೇಟೆಯ ಹಿಂದಿನ ಬಯಲಿಗೆ ಆ ಭಾನುವಾರ ಮಧ್ಯಾಹ್ನ ಅವನು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅವನ ಹೊಸ ಹಾಡು ಅವತ್ತು ದೋನ್ ಉಲ್ದಾರಿಕೊನ ಪಿಕೊದಲ್ಲಿ ಮೊದಲ ಸಲ ಮೊಳಗಬೇಕಿತ್ತು. ಪಿಕೊ ಎಂದರೆ ಹಾಡು ಹಾಕಿ ಜನರನ್ನು ಕುಣಿಸಲು ಬಯಲಲ್ಲಿಟ್ಟ, ಆಳೆತ್ತರಕ್ಕೆ ಇನ್ನೊಂದಾಳು ನಿಂತಷ್ಟು ದೊಡ್ಡ ಧ್ವನಿಪೆಟ್ಟಿಗೆ. ಮುಖದ ತುಂಬ ಒಂಟಿಕಣ್ಣಿನ ಮೊಸಳೆಯ ಚಿತ್ರ. ಅದು ಗುಡುಗಿದರೆ ಮೂರು ಬೀದಿಯಾಚೆ ಮೊಟ್ಟೆಯೊಳಗಿನ ಕೋಳಿಮರಿ ಮಗ್ಗುಲು ಬದಲಿಸುತ್ತದೆ ಎಂದು ಜನ ಹೇಳುತ್ತಿದ್ದರು.

ಹನ್ನೊಂದು ವರ್ಷ ಅವನು ಮದುವೆ, ಹುಟ್ಟುಹಬ್ಬಗಳಲ್ಲಿ ಗಿಟಾರು ಹಿಡಿದು 'ಏಡಿ ಹಾಡು' ಹಾಡಿದ್ದ. ಒಂದು ದಿನ ತನ್ನ ದನಿ ಕೇಳಿ ತನಗೇ ವಾಕರಿಕೆ ಬಂತು. ಗಿಟಾರನ್ನು ಮಂಚದಡಿ ತಳ್ಳಿ, ಮಾತೇ ಇಲ್ಲದ ಹಾಡೊಂದನ್ನು ಕಟ್ಟಿದ. ತಾಳಕ್ಕೆ ಅಮ್ಮನ ಹೊಲಿಗೆ ಯಂತ್ರ. ಅದು ಆರು ಹೊಲಿಗೆ ಸರಿಯಾಗಿ ಹಾಕಿ ಏಳನೆಯದಕ್ಕೆ ಎಡವುತ್ತಿತ್ತು. ದನಿಗೆ ತಗಡಿನ ಬಕೆಟ್ಟು. ಅದರೊಳಗೆ ತಲೆಯಿಟ್ಟು ಹಾಡಿದ್ದ. ಹೊಲಿಯುತ್ತ ಅಮ್ಮ ಗುನುಗಿದ್ದೂ ಜೊತೆಗೆ ಮುದ್ರಣವಾಗಿತ್ತು. ಅದನ್ನು ಹೆಕ್ಕಿ ತೆಗೆಯುವ ಉಪಾಯ ಅವನಿಗೆ ತಿಳಿದಿರಲಿಲ್ಲ.

"ಏಡಿ ಬಿಟ್ಟು ಇದೇನೋ ಹಲ್ಲುನೋವು?" ಎಂದು ಬಾಗಿಲಾಚೆಯಿಂದ ಒಂದು ಚೂರು ಕೇಳಿಯೇ ಬೀದಿಯೆಲ್ಲ ನಕ್ಕಿತ್ತು. ಇದ್ದ ಒಂದೇ ಒಂದು ರೆಕಾರ್ಡು ತಟ್ಟೆಯನ್ನು ಅವನು ಉಲ್ದಾರಿಕೊನ ಕೈಗಿಟ್ಟಿದ್ದ.

ಈಗ ಅದು ತಿರುಗತೊಡಗಿತು. ಬಯಲು ಒಂದು ಗಳಿಗೆ ಕಿವಿ ನಿಮಿರಿಸಿತು. ಮರುಗಳಿಗೆ ಮುನ್ನೂರು ಜನ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದರು. ಮೀನು ಕರಿಯುವ ನೆವಿಸ್ ಬಾಣಲೆ ಬಿಟ್ಟು ಕುಣಿದಳು. ಎವರಿಸ್ತೊನ ಕಣ್ಣು ತುಂಬಿಬಂತು.

ಅಷ್ಟರಲ್ಲಿ ಉಲ್ದಾರಿಕೊ ಮೈಕಿನಲ್ಲಿ ಅರಚಿದ: "ಕಾಂಗೋದಿಂದ ನಾವಿಕನೊಬ್ಬ ತಂದ ಗುಟ್ಟಿನ ತಟ್ಟೆ! ಈ ಕರಾವಳೀಲಿ ಬೇರೆ ಯಾವ ಪಿಕೊದಲ್ಲೂ ಇಲ್ಲ!"

ಎವರಿಸ್ತೊ ಪೆಟ್ಟಿಗೆಯ ಹಿಂದಕ್ಕೆ ನುಗ್ಗಿದ. ತಟ್ಟೆಯ ನಡುವಿನ ಕಾಗದದಲ್ಲಿ ತನ್ನ ಹೆಸರಿದ್ದ ಜಾಗ ಬೋಳಾಗಿತ್ತು.

"ದೋನ್! ನನ್ನ ಹೆಸರು ಕೆರೆದುಬಿಟ್ಟಿದೀರಿ!"

"ಮೆಲ್ಲಗೆ ಮಾತಾಡೋ. ಹೆಸರು ಗೊತ್ತಾದ್ರೆ ಸಂಜೆಯೊಳಗೆ ಎದುರು ಪಿಕೊದವರು ತಮಗೂ ಇಂಥದ್ದೇ ಹಾಡು ಬೇಕಂತ ನಿನ್ನ ಬಾಗಿಲಲ್ಲಿರ್ತಾರೆ. ಎಲ್ಲರ ತಟ್ಟೇನೂ ಕೆರೀತೀನಿ, ನಿಂದೇನು ವಿಶೇಷ?"

"ಮುನ್ನೂರು ಜನ ನನ್ನ ಹಾಡಿಗೆ ಕುಣೀತಿದಾರೆ!"

"ಕುಣೀಲಿ ಬಿಡು. ನಿನ್ನದು ಅಂತ ಗೊತ್ತಾದ್ರೆ ಕೂತ್ಕೊಂಡ್ಬಿಡ್ತಾರೆ."

ಎವರಿಸ್ತೊನ ಕಿವಿ ಕೆಂಪಾಯಿತು. ಬಯಲಿಗೆ ಬಂದು ಕೂಗಿದ: "ಇದು ನನ್ನ ಹಾಡು ಕಣ್ರೋ! ಹಾಡಿದ್ದು ನಾನು!"

ಕ್ಷೌರಿಕ ಅರ್ಗೆಮಿರೊ ಬೆವರು ಒರೆಸಿಕೊಂಡ. "ಬ್ಲೇಡು ಕೊಟ್ಟೋನು ನಾನೇ ಕಣಯ್ಯ. ನಿನ್ನ ಹೆಸರಿಗೋಸ್ಕರ ಯಾರಾದ್ರೂ ಬ್ಲೇಡು ಹಾಳುಮಾಡ್ತಾರಾ?"

"ಹೊಟ್ಟೆಕಿಚ್ಚು," ಎಂದಳು ನೆವಿಸ್. "ಆ ಕಾಂಗೋದವನನ್ನ ನೋಡಿ ಕಲಿಯೋ. ಹೊಸದು ಅಂದ್ರೆ ಅದು!"

"ನಿನ್ನ ಬಕೆಟ್ಟು ಕೊಡು, ತೋರಿಸ್ತೀನಿ!"

ಬಕೆಟ್ಟು ಮೀನಿನದು. ಅವನು ಉಸಿರು ಕಟ್ಟಿ ಅದರೊಳಗೆ ತಲೆಯಿಟ್ಟು, ಹೊಟ್ಟೆಯಾಳದಿಂದ ಹಾಡಿದ. ತಲೆ ಹೊರತೆಗೆದಾಗ ಹುಬ್ಬಿನ ಮೇಲೆ ಮೀನಿನ ಹುರುಪೆಗಳು ಮಿನುಗುತ್ತಿದ್ದವು.

ಅರ್ಗೆಮಿರೊ ತಲೆ ವಾರೆಮಾಡಿ ತೂಗಿನೋಡಿದ. "ಅನುಕರಣೆ ಪರವಾಗಿಲ್ಲ. ಆದ್ರೆ ಅವನ ಗಂಟಲಲ್ಲಿ ನೋವಿದೆ. ನಿಂದ್ರಲ್ಲಿ ಬರೀ ಮೀನಿನ ವಾಸನೆ."

ಬಯಲು ಬಿದ್ದು ಬಿದ್ದು ನಕ್ಕಿತು.

ಎವರಿಸ್ತೊ ಓಡಿದ. ಮನೆಯಲ್ಲಿ ಅವನಮ್ಮ ದೊನ್ಯಾ ಪೂರಾ ಯಾರದೋ ಮಗಳ ಹಬ್ಬದ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಅವನು ಯಂತ್ರವನ್ನು ಲಂಗದ ಸಮೇತ ಎತ್ತಿ ತಳ್ಳುಗಾಡಿಗೆ ಹಾಕಿದ.

"ಏ ಮಂಕೇ, ಎಲ್ಲಿಗೋ? ಸೂಜಿ ಇನ್ನೂ ಬಟ್ಟೆಯಲ್ಲೇ ಇದೆ!"

"ನ್ಯಾಯಕ್ಕಮ್ಮಾ! ನನ್ನ ಹೆಸರಿಗೆ!"

"ನಿನ್ನ ಹೆಸರಿಗೆ ಏನಾಗಿದೆ? ನಾನೇ ಇಟ್ಟಿದ್ದಲ್ವಾ?" ಎನ್ನುತ್ತ ಅವಳು ಚಪ್ಪಲಿಯನ್ನೂ ಮೆಟ್ಟದೆ ಗಾಡಿಯ ಹಿಂದೆ ಓಡಿಬಂದಳು.

ಬಯಲ ನಡುವೆ ಯಂತ್ರವಿಳಿಸಿ, ಅಮ್ಮನನ್ನು ಬಿಯರ್ ಪೆಟ್ಟಿಗೆಯ ಮೇಲೆ ಕೂರಿಸಿ ಎವರಿಸ್ತೊ ಗರ್ಜಿಸಿದ: "ಕಾಂಗೋದಲ್ಲಿ ಹೀಗೆ ಎಡವೋ ಯಂತ್ರ ಇದ್ರೆ ನಾನು ಕಿವಿ ಕುಯ್ಸ್ಕೋತೀನಿ! ದೋನ್, ತಟ್ಟೆ ಹಾಕಿ! ಅಮ್ಮಾ, ಹೊಲಿ!"

ಉಲ್ದಾರಿಕೊ ಕೈ ಕಟ್ಟಿ ನಿಂತ. ಜನ ಬಿಡಲಿಲ್ಲ. "ಹಾಕಿ, ಹಾಕಿ!" ಎಂದು ಪಿಕೊದ ಪೆಟ್ಟಿಗೆಯನ್ನೇ ಗುದ್ದಿದರು.

ತಟ್ಟೆ ತಿರುಗಿತು. ದೊನ್ಯಾ ಪೂರಾ ಪಾದ ಆಡಿಸಿದಳು. ಆರು ಹೊಲಿಗೆ, ಏಳನೆಯದಕ್ಕೆ ಎಡವು; ಪಿಕೊದಲ್ಲೂ ಆರು, ಏಳನೆಯದಕ್ಕೆ ಎಡವು. ಎರಡೂ ಒಂದೇ ಕಾಲಲ್ಲಿ ಕುಂಟಿದವು. ಕೆಲಸಕ್ಕೆ ಕೂತರೆ ಗುನುಗದೆ ಇರಲಾರದ ಅವಳು ಗುನುಗಿದಳು. ಪಿಕೊದ ಮೊಸಳೆಯೂ ಅದೇ ದನಿಯಲ್ಲಿ ಗುನುಗಿತು.

ನೆವಿಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಯೇಸುವೇ! ಹೌದು ಕಣ್ರೇ. ಅದೇ ಇದು!"

ಎವರಿಸ್ತೊ ಎರಡೂ ಕೈ ಚಾಚಿ ನಿಂತ. ಜನ ನುಗ್ಗಿ ಬಂದರು. ಅವನನ್ನು ಬದಿಗೆ ತಳ್ಳಿ, ದೊನ್ಯಾ ಪೂರಾಳನ್ನು ಬಿಯರ್ ಪೆಟ್ಟಿಗೆಯ ಸಮೇತ ಹೆಗಲಿಗೇರಿಸಿದರು.

"ಪೂರಾ! ಪೂರಾ!"

"ಇಷ್ಟು ವರ್ಷ ನಮ್ಮ ಬೀದೀಲೇ ಕೂತು ಹೊಲೀತಿದ್ರಲ್ಲ ತಾಯಿ, ಒಂದು ಮಾತು ಹೇಳಬಾರದಿತ್ತಾ!" ಎಂದ ಅರ್ಗೆಮಿರೊ. ಅವನ ಕಣ್ಣಲ್ಲಿ ನೀರಾಡಿತು.

"ಹಾಡಿದ್ದು ನಾನು!" ಎವರಿಸ್ತೊ ಚೀರಿದ. "ಬಕೆಟ್ಟಿನೊಳಗೆ!"

"ಅದು ನೀನಾ? ಅದೊಂದು ಇಲ್ಲದಿದ್ರೆ ಹಾಡು ಇನ್ನೂ ಚೆನ್ನಾಗಿರ್ತಿತ್ತು," ಎಂದಳು ನೆವಿಸ್.

ಗುಟ್ಟು ಹೋದ ದುಃಖ ಉಲ್ದಾರಿಕೊಗೆ ಅರ್ಧ ನಿಮಿಷವೂ ಉಳಿಯಲಿಲ್ಲ. ಮೈಕು ಎತ್ತಿಕೊಂಡ. "ಕಾಂಗೋ ಅಂದೋರು ಯಾರು? ಇವರು ನಮ್ಮ ದೊನ್ಯಾ ಪೂರಾ! ಇಂಥಾ ತಾಯಿ ಬೇರೆ ಯಾವ ಪಿಕೊಗೂ ಸಿಗಲ್ಲ! ನಾಳೇನೇ ಮೊಸಳೆ ಅಳಿಸಿ ಇವರ ಚಿತ್ರ ಬರೆಸ್ತೀನಿ, ಯಂತ್ರದ ಸಮೇತ! ಹೆಸರು ಮೊಳದುದ್ದ ಅಕ್ಷರದಲ್ಲಿ!"

"ಮತ್ತೆ ನಾನು?" ಎಂದ ಎವರಿಸ್ತೊ.

"ನಿನ್ನ ಮರೀತೀವಾ? ಯಂತ್ರದ ಕಾಲಡಿ ಒಂದು ಏಡಿ ಬರೆಸ್ತೀನಿ."

ಸಂಜೆಗೆ ಮುಂಚೆ ಎವರಿಸ್ತೊ ತಳ್ಳುಗಾಡಿ ನೂಕುತ್ತ ಮನೆಯ ದಾರಿ ಹಿಡಿದ. ಗಾಡಿಯಲ್ಲಿ ಯಂತ್ರ, ಯಂತ್ರದ ಪಕ್ಕ ಕಾಗದದ ಹೂಮಾಲೆ ತೊಟ್ಟ ಅಮ್ಮ. ಬಾಗಿಲುಗಳಿಂದ ಜನ ಅವಳಿಗೆ ಕೈಬೀಸುತ್ತಿದ್ದರು. ಅವಳೂ ಬೀಸುತ್ತಿದ್ದಳು, ಆಗಲೇ ಅಭ್ಯಾಸವಾದವಳ ಹಾಗೆ.

ತಿರುವು ದಾಟಿದ ಮೇಲೆ ಅವಳು ಗಂಭೀರವಾಗಿ ಹೇಳಿದಳು: "ಮಗಾ, ಬೇಜಾರು ಮಾಡ್ಕೋಬೇಡ. ಇನ್ನು ಮುಂದೆ ನನ್ನ ಸಂಗೀತದ ದಾರಿ ಸ್ವಲ್ಪ ಬದಲಿಸೋಣ ಅಂತಿದೀನಿ."

"ಏನಮ್ಮಾ?"

"ಹಾಡೋರು ಬೇಡ."