ಎಲ್ಲರಿಗೂ ಮೊದಲ ಸರದಿ

ಒಂದು ಸಂಸ್ಥೆಯ ಏಳುಬೀಳು ಅದರ ನಾಯಕನ ಗುಣವನ್ನೇ ಅವಲಂಬಿಸಿರುತ್ತದೆ. ಇದು ನಾನು ದೀರ್ಘಕಾಲ ಚಿಂತಿಸಿ ಕಂಡುಕೊಂಡ ಸತ್ಯವಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಸಕಲೇಶಪುರದಲ್ಲಿ ನಡೆದ ಒಂದು ದಿನದ ನಾಯಕತ್ವ ಶಿಬಿರದಲ್ಲಿ ಊಟಕ್ಕೆ ಮುಂಚೆ ಬರೆಸಿದ್ದು. ಊಟದ ನಂತರ ಏನು ಬರೆಸಿದರೋ ನನಗೆ ತಿಳಿಯದು. ಆ ಪುಟದಲ್ಲಿ ಪೆನ್ನು ಜಾರಿದ ಗೆರೆಯೊಂದು ಮಾತ್ರ ಇದೆ.

ಆಗ ಆನೇಮಹಲ್ ಕಡೆಯ ನಾವು ಹನ್ನೊಂದು ಜನ ಸಣ್ಣ ಕಾಫಿ ಬೆಳೆಗಾರರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಸಂಘಕ್ಕೆ ಇದ್ದದ್ದು ಔಷಧಿ ಹೊಡೆಯುವ ಒಂದು ಮೆಷೀನು, ಒಬ್ಬ ಅಧ್ಯಕ್ಷರು ಮತ್ತು ಕಾರ್ಯದರ್ಶಿಯಾಗಿ ನಾನು. ಮುಂಗಾರು ಹಿಡಿಯುವ ಮೊದಲು ಗಿಡಕ್ಕೆ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಹಾಗಾಗಿ ಹನ್ನೊಂದೂ ಜನರಿಗೆ ಮೆಷೀನು ಬೇಕಾಗುತ್ತಿದ್ದುದು ಅದೇ ಎರಡು ವಾರದಲ್ಲಿ. ಅಧ್ಯಕ್ಷರಾದ ಚನ್ನೇಗೌಡರು ದೇವರಂಥ ಮನುಷ್ಯರು, ಯಾರಿಗೂ ಇಲ್ಲ ಎಂದವರಲ್ಲ. ಹೋಗಿ ಕೇಳಿದವರಿಗೆಲ್ಲ, "ಈ ಸಲ ನೀನೇ ಮೊದ್ಲು ಕಣೋ" ಎನ್ನುತ್ತಿದ್ದರು. ಒಮ್ಮೆ ಅವರ ಅಂಗಳದಲ್ಲಿ ಇಬ್ಬರು ಮೊದಲಿಗರು ಮೆಷೀನಿನ ಪೈಪನ್ನು ಎರಡು ತುದಿಯಿಂದ ಹಿಡಿದು ನಿಂತಿದ್ದನ್ನು ನಾನೇ ನೋಡಿದ್ದೇನೆ. ನಾನು ಮೂರನೆಯ ಮೊದಲಿಗ. ಆ ವರ್ಷ ನಮ್ಮ ಗಿಡಗಳ ಬುಡದಲ್ಲಿ ಹಸಿರು ಕಾಯಿ ಹಾಸಿಕೊಂಡು ಬಿದ್ದಿತ್ತು. ಇನ್ನೊಂದು ಅಂಥ ವರ್ಷ ಬಂದರೆ ತಡೆಯುವ ಶಕ್ತಿ ನಮ್ಮ ಮೂರೆಕರೆಗೆ ಇರಲಿಲ್ಲ.

ಶಿಬಿರದಿಂದ ಬಂದವನೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಂಘೋದ್ಧಾರದ ನಕ್ಷೆ ಬರೆದು ಗೋಡೆಗೆ ನೇತುಹಾಕಿದೆ. ಸಮಸ್ಯೆ: ಮೆಷೀನು. ಕಾರಣ: ಅಧ್ಯಕ್ಷರು. ಪರಿಹಾರ: ಹೊಸ ಅಧ್ಯಕ್ಷರು. ನನ್ನ ಹೆಂಡತಿ ಜಯ ಅದನ್ನು ಮೇಲಿನಿಂದ ಕೆಳಗೆ ಓದಿ, "ಇದನ್ನ ಅವ್ರ ಮುಂದೆ ಹೇಳೋದು ಯಾರು?" ಎಂದಳು. ನಕ್ಷೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಪಕ್ಕದ ತೋಟದ ಮಂಜಣ್ಣನನ್ನು ಸೇರಿಸಿಕೊಂಡೆ. ಗೌಡರ ಮನೆಯಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟಬಾರದು. ಉಂಡ ಮೇಲೆ ಬಾಯಿ ಬರುವುದಿಲ್ಲ. ಮಂಜಣ್ಣ ಕೆಮ್ಮಿದ ಕೂಡಲೇ ನಾನು ವಿಷಯ ಎತ್ತಬೇಕು. ಅವರು ಒಡ್ಡಬಹುದಾದ ಆಕ್ಷೇಪಣೆಗಳನ್ನೆಲ್ಲ ಊಹಿಸಿ ಒಂದು ಹಾಳೆ ಪೂರ್ತಿ ಉತ್ತರ ಬರೆದುಕೊಂಡೆ. ದಂಡಯಾತ್ರೆಗೂ ಇಷ್ಟು ಸಿದ್ಧತೆ ಇರಲಾರದು.

ಹೋದ ಐದು ನಿಮಿಷಕ್ಕೆ ಎಲೆಯ ಮುಂದೆ ಕೂತಿದ್ದೆವು. ಕಡುಬು, ಕೋಳಿಸಾರು. ಮೂರನೆಯ ಕಡುಬಿಗೆ ಮಂಜಣ್ಣ ಕೆಮ್ಮಿದ. ಅದು ಸಂಜ್ಞೆಯೋ ಸಾರಿನ ಖಾರವೋ ಇವತ್ತಿಗೂ ಇತ್ಯರ್ಥವಾಗಿಲ್ಲ. ನಾನು ಎಲೆಯನ್ನೇ ನೋಡುತ್ತಾ, ಗೌಡರಿಗೆ ವಯಸ್ಸಾಯಿತು, ಓಡಾಟ ಕಷ್ಟ, ಅಧ್ಯಕ್ಷಗಿರಿಯನ್ನು ಬೇರೆ ಯಾರಾದರೂ ನೋಡಿಕೊಂಡರೆ ಹೇಗೆ ಎಂದು ತೊದಲಿದೆ.

"ಆಗ್ಲಿ ಕಣೋ ಮಾರಾಯ, ನೀನೇ ಆಗ್ಬುಡು," ಎಂದರು ಗೌಡರು. "ಅಷ್ಟಕ್ಕೆ ಇಬ್ರು ಬರ್ಬೇಕಿತ್ತಾ? ಇನ್ನೊಂದು ಕಡುಬು ಹಾಕ್ಕಳಿ."

ಉತ್ತರದ ಹಾಳೆ ಜೇಬಿನಲ್ಲೇ ಉಳಿಯಿತು. ಬೇಲಿಬಾಗಿಲಿನ ಉಣುಗೋಲಿನವರೆಗೆ ಕಳಿಸಲು ಬಂದ ಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಇಲ್ಲ ಅನ್ನಾಕೆ ನನ್ ಕೈಲಿ ಆಗ್ಲೇ ಇಲ್ಲ ಕಣೋ. ನೀನಾದ್ರೂ ಅನ್ನು."

ಅಂದೆನೇ? ಕೇಳಿ. ಹೊಸ ಅಧ್ಯಕ್ಷನಾಗಿ ಮೆಷೀನಿನ ಸರದಿಗೆ ಚೀಟಿ ಎತ್ತಿಸಿದೆ. ಮೊದಲ ಚೀಟಿ ನನ್ನದೇ ಬಂತು. ಮರುದಿನ ಬೆಳಿಗ್ಗೆಯೇ ಮಂಜಣ್ಣ ಬಂದು, ತನ್ನದು ತಗ್ಗಿನ ತೋಟ, ಕೊಳೆ ಮೊದಲು ಅಲ್ಲಿಗೇ ಬರುವುದು ಎಂದು ವಿವರಿಸಿ, "ಅಧ್ಯಕ್ಷ ಆದೋನೆ ಮೊದ್ಲು ಹೊಡ್ಕಂಡ್ರೆ ಚೆನ್ನಾಗಿರ್ತದಾ?" ಎಂದ. ಆಗಲಿ ಎಂದೆ. ಆಮೇಲೆ ಒಬ್ಬರು ಹಲಸಿನಹಣ್ಣು ತಂದರು, ಇನ್ನೊಬ್ಬರು ಬರೀ ಕಷ್ಟ ತಂದರು. ಎಲ್ಲರಿಗೂ ಆಗಲಿ ಎಂದೆ. ಕಡೆಗೆ ಚನ್ನೇಗೌಡರೇ ನಡೆದುಕೊಂಡು ಬಂದು ಜಗಲಿಯಲ್ಲಿ ಕೂತರು. ಅವರು ಏನನ್ನೂ ಕೇಳಲಿಲ್ಲ. ಅವರ ಬಾಯಿಂದ ಕೇಳಿಸಬಾರದೆಂದು ನಾನೇ, "ನಿಮ್ಮದು ಮುಗೀಲಿ, ಆಮೇಲೆ ನಮ್ಮದು" ಎಂದುಬಿಟ್ಟೆ. ಜಯ ಕಾಫಿ ತಂದಿಟ್ಟಳು. ಗೋಡೆಯ ನಕ್ಷೆಯಲ್ಲಿ 'ಕಾರಣ' ಎಂದಿದ್ದ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಈಗ ಎಲ್ಲರ ಶೆಡ್ಡಿನಲ್ಲೂ ಸ್ವಂತ ಮೆಷೀನು ಇದೆ. ಮೇ ತಿಂಗಳಲ್ಲಿ ಎಲ್ಲ ತೋಟಗಳಿಂದ ಒಟ್ಟಿಗೇ ಸದ್ದು ಕೇಳುತ್ತದೆ; ಯಾರೂ ಯಾರ ಜಗಲಿಗೂ ಬಂದು ಕೂರಬೇಕಾಗಿಲ್ಲ. ಗೌಡರು ಹೋಗಿ ಬಹಳ ವರ್ಷವಾಯಿತು. ಸಂಘವನ್ನು ಯಾರೂ ಮುಚ್ಚಲಿಲ್ಲ, ಸಭೆ ಕರೆಯುವುದು ನಿಂತಿತು ಅಷ್ಟೆ. ದಾಖಲೆಯ ಪ್ರಕಾರ ನಾನಿನ್ನೂ ಅಧ್ಯಕ್ಷ.

ನಾನು ಅಧ್ಯಕ್ಷನಾದ ವರ್ಷ ಮೆಷೀನು ನಮ್ಮ ತೋಟಕ್ಕೆ ಹನ್ನೊಂದನೆಯದಾಗಿ ಬಂತು. ಹಿಂದಿನ ದಿನ ಮಳೆ ಹಿಡಿದಿತ್ತು.