ಸ್ಟ್ಯಾಂಡರ್ಡ್ ಕ್ಲಾಸಿನ ಸಾಚಾತನ

ಜಗಳ ಶುರುವಾದದ್ದು ಸೀರೆ ಗಾರ್ಡಿನಿಂದ.

ಹಿಂದೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕದಿರಲೆಂದು ಬೈಕಿಗೆ ಹಾಕುವ ಆ ಕಬ್ಬಿಣದ ಜಾಲರಿಯನ್ನು ಚೆನ್ನಕೇಶವನ್ ಬೆಳಿಗ್ಗೆಯೇ ಬಿಚ್ಚಿ ಪಲ್ಲಡದ ಮನೆಯಲ್ಲಿ ಬಿಟ್ಟು ಬಂದಿದ್ದ. ಭಾರ ಇಳಿದಷ್ಟೂ ವೇಗ ಏರುತ್ತದೆ ಎಂಬುದು ಅವನ ಲೆಕ್ಕ. ಸೂಲೂರಿನಾಚೆಯ ಖಾಲಿ ರಸ್ತೆಯಲ್ಲಿ ಕೋಯಮತ್ತೂರಿನ ಒಂದು ಕ್ಲಬ್ಬಿನವರು ಆ ಭಾನುವಾರ ಡ್ರ್ಯಾಗ್ ರೇಸ್ ಇಟ್ಟಿದ್ದರು. ಇಬ್ಬಿಬ್ಬರು ಒಟ್ಟಿಗೆ ಹೊರಟು ಕಾಲು ಮೈಲಿ ನೇರ ಓಡಿಸಬೇಕು. ಅವನು ಹೆಸರು ಕೊಟ್ಟದ್ದು ಸ್ಟ್ಯಾಂಡರ್ಡ್ ಕ್ಲಾಸಿಗೆ. ಅಂದರೆ ಬೈಕು ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು, ಇಂಜಿನ್ನಿಗೆ ಅರದ ಮೊನೆಯೂ ತಾಕಿರಬಾರದು.

ಈ ರೇಸು ಅವನಿಗೆ ಆಟವಾಗಿರಲಿಲ್ಲ. ಮದುವೆಯಲ್ಲಿ ಬೈಕು ಕೊಟ್ಟ ಮಾವ ಕೃಷ್ಣಸಾಮಿ, ಅಳಿಯ ಮಗ್ಗ ಬಿಟ್ಟು ಇಡೀ ದಿನ ಅದನ್ನೇ ಒರೆಸುತ್ತ ಕೂರುವುದನ್ನು ನೋಡಿ ನೋಡಿ ರೋಸಿಹೋಗಿದ್ದರು. ಈ ಸಲ ಗೆದ್ದರೆ ಬೈಕು ನಿನ್ನದು, ಇಲ್ಲದಿದ್ದರೆ ವಾಪಸ್ಸು ಕೊಟ್ಟು ನೂಲಿನ ಮೂಟೆ ಹೊರಲು ಒಂದು ಮೊಪೆಡ್ ತಗೋ ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದರು. ಮೊಪೆಡ್ಡಿನ ಮೇಲೆ ಕೂತ ತನ್ನನ್ನು ನೆನೆದರೇ ಚೆನ್ನಕೇಶವನ್‌ಗೆ ಬೈಕನ್ನು ಇನ್ನೊಮ್ಮೆ ಒರೆಸಬೇಕೆನ್ನಿಸುತ್ತಿತ್ತು.

ಅವನ ಎದುರಾಳಿ ಅನ್ನೂರಿನ ದೇವರಾಜನ್. ಮಿಲ್ ಯಜಮಾನರೊಬ್ಬರ ತಮ್ಮನ ಮಗ. ಬೈಕಿಗಿಂತ ರೂಲ್ ಪುಸ್ತಕವನ್ನೇ ಚೆನ್ನಾಗಿ ಓಡಿಸುವವನು. ಸೀರೆ ಗಾರ್ಡಿಲ್ಲದ ಬೈಕು ಸ್ಟ್ಯಾಂಡರ್ಡ್ ಅಲ್ಲವೆಂದು ಅವನು ತಕರಾರು ತೆಗೆದ. ಹಾಗಾದರೆ ಹೊಟ್ಟೆ ಬಗೆದ ನಿನ್ನ ಸೈಲೆನ್ಸರ್ ಯಾವ ಸ್ಟ್ಯಾಂಡರ್ಡು ಎಂದು ಚೆನ್ನಕೇಶವನ್ ಕೇಳಿದ. ಕ್ಲಬ್ಬಿನವರು ಇಬ್ಬರ ಮಾತನ್ನೂ ಒಪ್ಪಿಕೊಂಡರು. ಅಲ್ಲಿಂದ ಮುಂದೆ ಹಾರ್ನು, ಕನ್ನಡಿ, ಟೂಲ್ ಬಾಕ್ಸು, ಕೊನೆಗೆ ಗಾಡಿಯ ಹಿಂದಿನ ಕೆಂಪು ದೀಪದ ತನಕ ವಾದ ಬೆಳೆಯಿತು. ನೋಡಲು ಬಂದಿದ್ದ ದಂಪತಿಗಳ ಗಾಡಿಯಿಂದ ಸೀರೆ ಗಾರ್ಡ್ ಕಡ ತರಬೇಕಾಯಿತು. ಒಂದು ಗೀಚು ಬಿದ್ದರೂ ಹೊಸದು ಕೊಡಿಸಬೇಕೆಂದು ಆ ಹೆಂಗಸು ಕರಾರು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಬೈಕುಗಳು ಹೆಣ್ಣು ನೋಡಲು ಹೊರಟ ಹಾಗೆ ಸಿಂಗಾರಗೊಂಡು ನಿಂತವು.

ಇದೆಲ್ಲವನ್ನೂ ಪರೀಕ್ಷಿಸಿ ಸರಿ ತಪ್ಪು ಹೇಳುತ್ತಿದ್ದವರು ಕ್ಲಬ್ಬಿನವರು ಆ ದಿನಕ್ಕೆಂದು ಕೇಳಿ ಕರೆತಂದಿದ್ದ ಒಬ್ಬ ಏರ್‌ಫೋರ್ಸ್ ಇಂಜಿನಿಯರು. ಎತ್ತರದ ಆಳು, ಹುರಿ ಮೀಸೆ, ಬಾಯಿ ತೆರೆದರೆ ಇಂಗ್ಲಿಷು. ಪಂಜಾಬಿನವರಿರಬೇಕು ಎಂದು ಜನ ಆ ಮೀಸೆ ನೋಡಿಯೇ ತೀರ್ಮಾನಿಸಿದ್ದರು.

ಚೆನ್ನಕೇಶವನ್ ಜೊತೆಗೆ ಬಂದಿದ್ದವನು ಹೆಂಡತಿ ಪೊನ್ನಮ್ಮನ ತಮ್ಮ, ಮೆಕ್ಯಾನಿಕ್ ವೇಲುಸಾಮಿ. ಇಬ್ಬರೂ ಜನರೊಂದಿಗೆ ತಮಿಳಿನಲ್ಲೂ ತಮ್ಮೊಳಗೆ ಕನ್ನಡದಲ್ಲೂ ಮಾತಾಡುತ್ತಿದ್ದರು. ಆ ನೇಕಾರ ಮನೆತನಗಳಿಗೆ ಕನ್ನಡ ಮನೆಯೊಳಗೆ ತಾಯಿನುಡಿ, ಬೀದಿಗೆ ಬಂದರೆ ಗುಟ್ಟಿನ ನುಡಿ. ಅಂಗಡಿಯವನ ತಕ್ಕಡಿಯ ಮೋಸವಾಗಲಿ, ಬಸ್ಸಿನಲ್ಲಿ ಎದುರು ಕೂತವರ ಮೂಗಿನ ಆಕಾರವಾಗಲಿ, ಅವರವರ ಮುಂದೆಯೇ ಗಟ್ಟಿಯಾಗಿ ಚರ್ಚೆಯಾಗುತ್ತಿತ್ತು. ಮೂರು ತಲೆಮಾರಿನಿಂದ ಯಾರೂ ಸಿಕ್ಕಿಬಿದ್ದಿರಲಿಲ್ಲ.

ಕೊನೆಯ ಓಟದಲ್ಲಿ ಚೆನ್ನಕೇಶವನ್ ಒಂದು ಚಕ್ರದಷ್ಟು ಮುಂದೆ ಗೆರೆ ದಾಟಿದ. ಹೊಗೆ ಆರುವ ಮೊದಲೇ ದೇವರಾಜನ್ ಪುಸ್ತಕ ಬಿಚ್ಚಿ, ಇಂಜಿನ್ ತೆಗೆದು ನೋಡಬೇಕೆಂದು ಹಟ ಹಿಡಿದ. ಕಳ್ಳ ಕೆಲಸ ಕಂಡರೆ ಗೆದ್ದವನು ಹೊರಗೆ, ಕಾಣದಿದ್ದರೆ ದೂರು ಕೊಟ್ಟವನು ಹೊರಗೆ. ಇದು ಅದೇ ಪುಸ್ತಕದ ನಿಯಮ.

ಚೆನ್ನಕೇಶವನ್ ವೇಲುಸಾಮಿಯತ್ತ ನೋಡಿದ. ಇಂಜಿನ್ನಿನ ಒಳದಾರಿಗಳನ್ನು ಅರದಿಂದ ಉಜ್ಜಿ ಅಗಲ ಮಾಡು ಎಂದು ಹೋದ ವಾರವೇ ಬೈಕನ್ನು ವೇಲುಸಾಮಿಗೆ ಒಪ್ಪಿಸಿದ್ದವನು ಅವನೇ ಅಲ್ಲವೆ? ಇಂಜಿನಿಯರು ಅಳತೆಯ ಸಾಮಾನು ಹಿಡಿದು ಕುಕ್ಕರಗಾಲಲ್ಲಿ ಕೂತರು. ಪಕ್ಕದಲ್ಲೇ ಕೂತ ಚೆನ್ನಕೇಶವನ್ ಅವರತ್ತ ಹಲ್ಲು ಕಿರಿಯುತ್ತಲೇ ಕನ್ನಡದಲ್ಲಿ ಹೇಳಿದ:

"ವೇಲೂ, ಮಾನ ಹೋತು. ಬೋಲ್ಟು ಇರುಕ್ಕೊಂಡು ಬರಲ್ಲ ಅಂತ ಏನಾರ ಹೇಳಿ ನಿಲ್ಸೋ."

"ಸುಮ್ನೆ ಇರು ಮಾಮಾ," ಎಂದ ವೇಲುಸಾಮಿ, ಅಷ್ಟೇ ವಿನಯದಿಂದ ಇಂಜಿನಿಯರಿಗೆ ಸ್ಪ್ಯಾನರು ಕೊಡುತ್ತ. "ನಾನು ಒಳಗೆ ಕೈಯೇ ಇಟ್ಟಿಲ್ಲ. ಅಪ್ಪ ಕೊಟ್ಟ ಗಾಡಿ. ಗೊತ್ತಾದ್ರೆ ನನ್ನ ಕಾಲು ಮುರೀತಾರೆ. ಒಂದು ವಾರ ಶೆಡ್ಡಲ್ಲಿ ನಿಲ್ಸಿ ತೊಳೆದು ಕೊಟ್ಟೆ."

ಚೆನ್ನಕೇಶವನ್‌ಗೆ ಸಿಟ್ಟು ಬಂತು, ಅದರ ಹಿಂದೆಯೇ ಸಂತೋಷ ನುಗ್ಗಿ ಬಂತು. ಇಂಜಿನಿಯರು ಎಲ್ಲವನ್ನೂ ಅಳೆದು, ಎದ್ದು ನಿಂತು, ಇಂಜಿನ್ ಅಪ್ಪಟ ಸ್ಟ್ಯಾಂಡರ್ಡ್ ಎಂದು ಸಾರಿದರು. ಜನ ಶಿಳ್ಳೆ ಹೊಡೆದರು. ದೇವರಾಜನ್ ಪುಸ್ತಕ ಮುಚ್ಚಿಕೊಂಡು ಹೊರಟ. ಗುಂಪಿನ ಹಿಂದೆ ಸುಮ್ಮನೆ ನಿಂತಿದ್ದ ಮಾವ ಕೃಷ್ಣಸಾಮಿಯೂ ಮುಂದೆ ಬಂದು ಅಳಿಯನ ಬೆನ್ನು ತಟ್ಟಿದರು. ಪ್ರಾಮಾಣಿಕವಾಗಿ ಗೆದ್ದೆ ಎಂದು ಅವರು ಹೇಳಿದಾಗ ಚೆನ್ನಕೇಶವನ್‌ಗೆ ನಿಜಕ್ಕೂ ಕಣ್ಣು ಒದ್ದೆಯಾಯಿತು. ಆ ಕ್ಷಣದಲ್ಲಿ ತನ್ನ ಪ್ರಾಮಾಣಿಕತೆಯನ್ನು ಅವನು ಮನಸಾರೆ ನಂಬಿದ.

ಸಂತೋಷ ಹೊಟ್ಟೆಯೊಳಗೆ ನಿಲ್ಲಬೇಕಲ್ಲ. ಮಾವ ಅತ್ತ ತಿರುಗಿದ್ದೇ ತಡ, ವೇಲುಸಾಮಿಯ ಹೆಗಲು ಹಿಡಿದು ಕನ್ನಡದಲ್ಲಿ ಹೇಳಿಯೇಬಿಟ್ಟ:

"ನೀನು ಏನೂ ಮಾಡ್ದಿದ್ರೆ ಪರವಾಯಿಲ್ಲೆ ಬಿಡು. ನಿನ್ನ ಅಕ್ಕನ ಸೀರೆ ಟ್ರಂಕಿಂದ ಒಂದು ಹಿಡಿ ನುಸಿಗುಳಿಗೆ ತಂದು ಪೆಟ್ರೋಲಿಗೆ ಹಾಕಿದ್ನಲ್ಲ, ಅದೇ ಗೆಲ್ಸಿತು. ಈ ಮೀಸೆ ಮುದುಕ ಇಂಜಿನ್ನೆಲ್ಲ ಬಿಚ್ಚಿದ, ಟ್ಯಾಂಕು ನೋಡಕ್ಕೆ ಬುದ್ಧಿ ಇಲ್ಲ."

ಕೈ ಒರೆಸಿಕೊಳ್ಳುತ್ತಿದ್ದ ಇಂಜಿನಿಯರು ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟರು. ಬೈಕಿನ ಹತ್ತಿರ ಬಂದು, ತುಮಕೂರು ಕಡೆಯ ಅಚ್ಚ ಕನ್ನಡದಲ್ಲಿ ಕೇಳಿದರು:

"ಸ್ವಲ್ಪ ಟ್ಯಾಂಕ್ ಮುಚ್ಚಳ ತೆಗೀತೀರಾ?"

ಮುಚ್ಚಳ ತೆಗೆದಾಗ ಬೀರುವಿನ ಬಾಗಿಲು ತೆರೆದಂಥ ವಾಸನೆ ಬಂತು. ಪಂಪಿನ ಪೆಟ್ರೋಲಿಗೆ ಆಯಿಲ್ ಬಿಟ್ಟು ಬೇರೇನೂ ಸೇರಿಸಕೂಡದೆಂಬ ನಿಯಮವನ್ನು ದೇವರಾಜನ್ ದೂರದಿಂದಲೇ, ಪುಸ್ತಕವಿಲ್ಲದೆಯೇ ಒಪ್ಪಿಸಿದ. ಆದರೆ ಅವನೂ ಆಗಲೇ ಹೊರಬಿದ್ದಿದ್ದ. ಬಹುಮಾನದ ಕಪ್ಪು ಮೂರನೆಯವನಾಗಿ ಬಂದ ಒಬ್ಬ ಮೊಟ್ಟೆ ವ್ಯಾಪಾರಿಯ ಪಾಲಾಯಿತು.

ಮಾವ ಬೀಗದ ಕೈಗೆ ಕೈ ಚಾಚಿದರು. ಕೊಡುವ ಮೊದಲು ಚೆನ್ನಕೇಶವನ್ ಓಡಿಹೋಗಿ ಇಂಜಿನಿಯರ ಎದುರು ಕೈ ಮುಗಿದ.

"ಸಾರ್, ಈ ಊರಲ್ಲಿ ನಮ್ಮ ಕನ್ನಡ ಕೇಳೋರೇ ಇಲ್ಲ. ನೀವೂ ನಾವೂ ಒಂದೇ ಭಾಷೆ. ಕೊಂಚ ನೋಡಿ ಮಾಡಿ ಸಾರ್."

"ಬೆಳಿಗ್ಗೆಯಿಂದ ಕೇಳ್ತಾನೇ ಇದೀನಲ್ಲಪ್ಪ," ಎಂದರು ಅವರು. "ಎಷ್ಟು ದಿನ ಆಗಿತ್ತು ಕನ್ನಡ ಕಿವಿಗೆ ಬಿದ್ದು. ಮಧ್ಯೆ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ."